ಮರಳು ಹಿಂತಿರುಗಿಸುವ ದಿನ

ಚುಚ್ಚುತ್ತಿದೆ ಈ ನೈಲಾನ್ ಎಳೆಯ ತುದಿ, ಬೆರಳು ಜೇಬಿನೊಳಗೆ ಹೋದಾಗಲೆಲ್ಲ ಚುಚ್ಚುತ್ತದೆ, ಆದರೂ ಹಲ್ಲು ಕಿತ್ತ ಜಾಗಕ್ಕೆ ನಾಲಿಗೆ ಹೋದಂತೆ ಬೆರಳು ಅಲ್ಲಿಗೇ ಹೋಗುತ್ತದೆ, ಮಾರ್ಸಿಯಾಲ್ ಪ್ರತಿ ತಿರುವಿನಲ್ಲೂ ಗಾಡಿಯನ್ನು ದೋಣಿಯ ಹಾಗೆ ವಾಲಿಸುತ್ತಾನೆ, ಹಿಂದೆ ಮರಳಿನ ಚೀಲಗಳು ಒಂದರ ಮೇಲೊಂದು ಬೀಳುತ್ತವೆ, ಮದುವೆಯಾದಂದಿನಿಂದ ಇವನು ಓಡಿಸುವುದು ಹೀಗೇ, ನಾನು ಪಕ್ಕದಲ್ಲಿ ಕೂತು ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುವುದೂ ಹೀಗೇ, ಇವತ್ತು ಮಾತ್ರ ಒಂದೇ ಕೈ, ಇನ್ನೊಂದರಲ್ಲಿ ಗುಂಡಿ — ಅಂಗಿಯ ಗುಂಡಿ, ಕಿರುಬೆರಳ ಉಗುರಿನಷ್ಟು, ಕಪ್ಪೆಚಿಪ್ಪಿನದು, ನಾಲ್ಕು ತೂತು. ಏನೇ ಬೆನಿಗ್ನಾ, ಬೆಳಗ್ಗೆಯಿಂದ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀಯ, ಗಾಳಿಗೆ ತಲೆನೋವು ಬಂತಾ ಎನ್ನುತ್ತಾನೆ, ಹೌದು ಗಾಳಿಗೆ ಎನ್ನುತ್ತೇನೆ, ಈ ದ್ವೀಪದಲ್ಲಿ ಯಾವುದಕ್ಕೆ ಬೇಕಾದರೂ ಗಾಳಿಯನ್ನು ದೂರಬಹುದು, ಅದು ತಿರುಗಿ ಮಾತಾಡುವುದಿಲ್ಲ. ಮೂರು ತಿಂಗಳಿಗೊಮ್ಮೆ ನಮಗೆ ಈ ಕೆಲಸ, ನಾನು ಕೆಲಸ ಮಾಡುವ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಪ್ರವಾಸಿಗಳ ಚೀಲದಿಂದ ಕಿತ್ತುಕೊಂಡ ಮರಳು, ಕಲ್ಲು, ಎಲ್ಲವನ್ನೂ ಅದರದರ ದಂಡೆಗೆ ಒಯ್ದು ಚೆಲ್ಲಿ ಬರುವುದು, ಗಾಡಿ ಇವನದು, ವಿಂಗಡಿಸುವ ಕಣ್ಣು ನನ್ನದು, ಒಳ್ಳೆಯ ಜೋಡಿ ಎಂದು ಜನ ಹೊಗಳುತ್ತಾರೆ, ಹೊಗಳಲಿ.

ಮೊದಲು ಉತ್ತರದ ಬಿಳಿ ದಂಡೆ, ಇಲ್ಲಿ ಮರಳೇ ಇಲ್ಲ, ಹುರಿದ ಜೋಳದ ಅರಳಿನಂಥ ಬಿಳಿ ಚೂರುಗಳು, ಕಾಲಿಟ್ಟರೆ ಕರಕರ ಎನ್ನುತ್ತವೆ, ಪ್ರವಾಸಿಗಳು ಕಾಗದದ ಪೊಟ್ಟಣದಲ್ಲಿ ತುಂಬಿ ಫೋಟೋ ತೆಗೆಸಿಕೊಳ್ಳುತ್ತಾರೆ, ಆಮೇಲೆ ಪೊಟ್ಟಣ ಸೂಟ್‌ಕೇಸಿಗೆ, ಸೂಟ್‌ಕೇಸು ನನ್ನ ಯಂತ್ರದೊಳಗೆ, ಪರದೆಯ ಮೇಲೆ ಅದು ಅನ್ನದ ಅಗುಳಿನ ರಾಶಿಯಂತೆ ಕಾಣುತ್ತದೆ. ಒಂದು ಚೀಲ ಪೂರ್ತಿ ಇದೇ, ಅಲೆ ಬಂದು ಮುಟ್ಟುವ ಗೆರೆಯ ಕೆಳಗೆ ಕೂತು ಹಿಡಿ ಹಿಡಿಯಾಗಿ ಬಿಡುತ್ತೇನೆ, ಒಂದೇ ಸಲ ಸುರಿದರೆ ಗಾಳಿ ಒಯ್ಯುತ್ತದೆ, ಮತ್ತೆ ಒಂದು ದಂಡೆಯದನ್ನು ಇನ್ನೊಂದರ ಮೇಲೆ ಚೆಲ್ಲಬಾರದು, ಅದೊಂದು ಮಾಡಬಾರದು, ಕಪ್ಪು ದಂಡೆಯ ಮೇಲೆ ಬಿಳಿಯ ಒಂದು ಚೀಲ ಬಿದ್ದರೆ ವರ್ಷಗಟ್ಟಲೆ ಕಾಣುತ್ತದೆ. ಜೊತೆಯಲ್ಲಿ ಕೆಲಸ ಮಾಡುವ ಸಾರೋ ನಗುತ್ತಾಳೆ, ಬಂದಳಪ್ಪ ಮರಳಿನ ಡಾಕ್ಟರಮ್ಮ, ನಾಡಿ ಹಿಡಿದು ಊರು ಹೇಳ್ತಾಳೆ, ಏ ಬೆನಿ, ನನ್ನ ಗಂಡನ ಚಪ್ಪಲೀಲಿ ಇಷ್ಟು ಮರಳಿತ್ತು, ಯಾವ ದಂಡೆಗೆ ಹೋಗಿದ್ದ ಅಂತ ನೋಡಿ ಹೇಳೇ — ನಕ್ಕಿದ್ದೆ ಆಗ, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅದು ವಿದ್ಯೆಯೇನಲ್ಲ, ಅಪ್ಪ ಕಲಿಸಿದ್ದು, ಮಂಜು ಕವಿದು ದಡ ಕಾಣದಾದಾಗ ಅಪ್ಪ ಸೀಸದ ತುಂಡಿನ ತಳಕ್ಕೆ ಆಡಿನ ಕೊಬ್ಬು ಸವರಿ ಹಗ್ಗ ಕಟ್ಟಿ ಇಳಿಬಿಡುತ್ತಿದ್ದ, ಮೇಲೆಳೆದಾಗ ಕೊಬ್ಬಿಗೆ ಅಂಟಿದ ಮರಳು ನೋಡಿ ನಾವು ಎಲ್ಲಿದ್ದೇವೆ ಎಂದು ಹೇಳುತ್ತಿದ್ದ, ಕಪ್ಪು ಅಂದರೆ ಚರ್ಚಿನ ಕೊಲ್ಲಿ, ಹಸಿರು ಹರಳು ಬೆರೆತಿದ್ದರೆ ಬಂದರಿನ ಬಾಯಿ, ಕಣ್ಣಿಗೆ ತಿಳಿಯದಿದ್ದರೆ ನಾಲಿಗೆಗೆ ಹಚ್ಚುತ್ತಿದ್ದ. ನನಗೂ ಕಲಿಸಿದ, ತನ್ನ ದೋಣಿಯಲ್ಲಿ ಹುಟ್ಟು ಹಾಕುತ್ತಿದ್ದ ಮಾರ್ಸಿಯಾಲ್‌ಗೂ ಕಲಿಸಿದ, ಒಂದೇ ಕೊಬ್ಬಿನ ತುಂಡನ್ನು ಇಬ್ಬರ ಮೂಗಿಗೂ ಹಿಡಿದು ಕಲಿಸಿದ. ಯಾವ ಮರಳು ಎಲ್ಲಿಯದೆಂದು ಇವನಿಗೆ ಗೊತ್ತಾಗಲಿಲ್ಲ ಎನ್ನುವ ಹಾಗಿಲ್ಲ. ನನ್ನ ಕಾಲ ಬಳಿಯ ಕೈಚೀಲದಲ್ಲಿ ಜಾಮಿನ ಜಾಡಿ ಇದೆ, ಅದರ ವಿಷಯ ಇನ್ನೂ ಎತ್ತಿಲ್ಲ, ಇವನಾಗಿ ಆ ಮರಳಿನ ದಂಡೆಯ ಮಾತು ಎತ್ತುತ್ತಾನೇನೋ ಎಂದು ಸೋಮವಾರದಿಂದ ಕಾಯುತ್ತಿದ್ದೇನೆ, ಇವತ್ತು ಗುರುವಾರ.

ಸೋಮವಾರ ಆ ಹಾಲೆಂಡಿನ ಹೆಂಗಸು, ಎಪ್ಪತ್ತರ ಹತ್ತಿರ, ಮೂಗು ಬಿಸಿಲಿಗೆ ಸಿಪ್ಪೆ ಎದ್ದಿತ್ತು, ಪುಸ್ತಕದಿಂದ ಕಲಿತ ಮಾತು, ದಯವಿಟ್ಟು ಅಮ್ಮಾ, ಇದು ಕದ್ದ ಮರಳಲ್ಲ, ದೋಣಿಯ ಮಹನೀಯರೇ ತೆಗೆದುಕೊಳ್ಳಿರಿ ಎಂದು ಹೇಳಿದರು, ಅವರು ಬಹಳ ಸಜ್ಜನರು, ನನ್ನನ್ನು ಮಗಳೇ ಎಂದು ಕರೆದರು. ನಮ್ಮಲ್ಲಿ ಎಲ್ಲರೂ ಹಾಗೆಯೇ ಕರೆಯುವುದು, ತರಕಾರಿಯವಳು, ಬಸ್ಸಿನವನು, ಎಲ್ಲರ ಬಾಯಲ್ಲೂ ಮಗಳೇ, ಮಗಳೇ, ಮಾರ್ಸಿಯಾಲ್ ಅಂತೂ ತನ್ನ ಪ್ರವಾಸಿ ದೋಣಿ ಹತ್ತುವ ಪ್ರತಿ ಮುದುಕಿಗೂ ಕೈಕೊಟ್ಟು ಬಾ ಮಗಳೇ ಎನ್ನುತ್ತಾನೆ, ಅದಕ್ಕೇನು ಖರ್ಚು. ನಾನು ಜಾಡಿಯನ್ನು ಬೆಳಕಿಗೆ ಹಿಡಿದೆ, ಕಡುಗೆಂಪು ಮರಳು, ನಡುನಡುವೆ ಅಕ್ಕಿನುಚ್ಚಿನಂಥ ಬಿಳಿ ಬಸವನಹುಳುವಿನ ಚಿಪ್ಪು, ನೂರಕ್ಕೊಂದು ಹಸಿರು ಕಣ, ಇಂಥ ಮರಳು ಈ ದ್ವೀಪದಲ್ಲಿ ಒಂದೇ ಕಡೆ, ರಸ್ತೆಯಿಲ್ಲ, ಮೇಲೆ ಕೆಂಪು ಬೂದಿಗುಡ್ಡ, ಇಳಿಯುವ ಹಾಗಿಲ್ಲ, ನೀರು ಇಳಿದಾಗ ಸಣ್ಣ ದೋಣಿ ಮಾತ್ರ ಬಂಡೆಗಳ ಸಂದಿಯಲ್ಲಿ ನುಸುಳಬಹುದು, ಆ ಸಂದಿ ಗೊತ್ತಿದ್ದವರು ಮೂವರು, ಅದರಲ್ಲಿ ಅಪ್ಪ ಈಗಿಲ್ಲ. ಯಾವ ದಂಡೆ ಅಮ್ಮಾ ಇದು ಎಂದು ಕೇಳಿದೆ, ನನ್ನ ದನಿ ಸರಿಯಾಗಿಯೇ ಇತ್ತು. ಗುಟ್ಟಿನ ದಂಡೆ, ಅದಕ್ಕೆ ಬಹಳ ಚೆಲುವಾದ ಹೆಸರಿದೆ, ಇದಾಯ್ರಾಳ ದಂಡೆ ಎಂದಳು, ಅಲ್ಲಿ ಒಂದು ಕಲ್ಲಿನ ರಾಶಿ ಇತ್ತು, ನಾವೆಲ್ಲ ಆ ಕಲ್ಲುಗಳಿಂದ ಪುಟ್ಟ ಪುಟ್ಟ ಗೋಪುರ ಕಟ್ಟಿದೆವು, ರಾಶಿಯ ಅಡಿಯಲ್ಲಿ ನನಗೆ ಈ ಶಂಖದ ಚೂರೂ ಸಿಕ್ಕಿತು, ನೋಡಿರಿ, ಎಷ್ಟು ದುಂಡಗಿದೆ. ಶಂಖದ ಚೂರು, ಮೆತ್ತಿದ ಮರಳನ್ನು ಹೆಬ್ಬೆರಳಲ್ಲಿ ಉಜ್ಜಿದೆ, ನಾಲ್ಕು ತೂತು. ಹಿಂದೆ ಸಾಲಿನಲ್ಲಿ ನಿಂತವನು ಬೆಲ್ಟು ಕೈಯಲ್ಲಿ ಹಿಡಿದುಕೊಂಡು ಬೇಗ ಬೇಗ ಎನ್ನುತ್ತಿದ್ದ. ಇದನ್ನು ಒಯ್ಯುವ ಹಾಗಿಲ್ಲ ಅಮ್ಮಾ ಎಂದೆ, ಅವಳು ಕ್ಷಮಿಸಿ ಎಂದು ನನ್ನ ಕೈ ತಟ್ಟಿ ಹೋದಳು.

ಚರ್ಚಿನ ಕೊಲ್ಲಿ, ಕಪ್ಪು ಮರಳು ಆಗಲೇ ಕಾದಿದೆ, ಹಳದಿ ಕೊಡೆಗಳ ಕೆಳಗೆ ಜನ ಎಣ್ಣೆ ಹಚ್ಚಿಕೊಂಡು ಬಿದ್ದಿದ್ದಾರೆ, ಮಾರ್ಸಿಯಾಲ್ ಚೀಲ ಹೊತ್ತು ಮುಂದೆ ಹೋಗುತ್ತಿದ್ದಾನೆ, ಬೆನ್ನು ಈಗ ಸ್ವಲ್ಪ ಬಾಗಿದೆ, ಆ ಬೆನ್ನಿನ ಮೇಲೆ ತಲೆಯಿಟ್ಟು ಅತ್ತವಳು ನಾನು, ಇದೇ ಊರಿನ ಆ ಮೂಲೆಮನೆಯಲ್ಲಿ, ತೊಂಬತ್ತೊಂದರ ಆಗಸ್ಟಿನಲ್ಲಿ. ಹುಟ್ಟಿದಳು, ಉಸಿರಾಡಲಿಲ್ಲ, ನರ್ಸು ಟವೆಲ್ಲಿನಲ್ಲಿ ಸುತ್ತಿ ಒಯ್ದಳು, ತೋರಿಸಿ ಎಂದೆ, ನೋಡ್ಬೇಡಮ್ಮ, ನೋಡಿದ್ರೆ ಮರೆಯೋಕಾಗಲ್ಲ ಎಂದಳು, ನೋಡದೆಯೂ ಮರೆಯಲಾಗಲಿಲ್ಲ ಎಂದು ಅವಳಿಗೆ ಯಾರು ಹೇಳಬೇಕು. ಮಾರನೆಯ ದಿನ ಹೆಸರು ಬರೆಸಲು ಮಾರ್ಸಿಯಾಲ್ ಕಚೇರಿಗೆ ಹೋದ, ಒಂದು ದಿನವಾದರೂ ಬದುಕದ ಮಗುವಿಗೆ ಹೆಸರಿಲ್ಲ ಎಂದರಂತೆ, ಅವಳನ್ನು ಎಲ್ಲಿಟ್ಟರು ಎಂದು ಕೇಳಿದ್ದಕ್ಕೆ ಅದೆಲ್ಲ ನಾವು ನೋಡ್ಕೋತೀವಿ ಎಂದರಂತೆ, ಮನೆಗೆ ಬಂದು ಟೋಪಿ ಮೇಜಿನ ಮೇಲಿಟ್ಟು ಕೂತ. ಅಮ್ಮ ಹೆಣೆದ ಅಂಗಿ ಕುರ್ಚಿಯ ಮೇಲೆ ಹಾಗೇ ಇತ್ತು, ಹಳದಿ ಉಣ್ಣೆ, ಮೂರು ಗುಂಡಿ, ಅಮ್ಮನ ದಾರ ಮುಗಿದಿತ್ತು, ಅಪ್ಪನ ಬುಟ್ಟಿಯಿಂದ ಗಾಳದ ಹಸಿರು ನೈಲಾನು ತೆಗೆದು ಹೊಲಿದಿದ್ದಳು, ಬೆಸ್ತರ ಮೊಮ್ಮಗಳು ಕಣ್ರೇ ಇವಳು, ಟ್ಯೂನಾ ಎಳೆದ್ರೂ ಈ ಗುಂಡಿ ಕಿತ್ತು ಬರಲ್ಲ, ಅಜ್ಜನ ಕೈಲೇ ಗಂಟು ಹಾಕಿಸಿದೀನಿ ಎಂದು ಎಲ್ಲರಿಗೂ ತೋರಿಸಿದ್ದಳು. ಅಂಗಿಯನ್ನು ಹಾಯಿಬಟ್ಟೆಯಲ್ಲಿ ಸುತ್ತಿ ನಾವಿಬ್ಬರೇ ಆ ಕೆಂಪು ದಂಡೆಗೆ ಒಯ್ದೆವು, ಮಣ್ಣು ಮಾಡಲು ನಮ್ಮ ಹತ್ತಿರ ಇದ್ದದ್ದು ಅದೊಂದೇ, ಇವನೇ ಅಗೆದ, ಬರಿಗೈಯಲ್ಲಿ, ಕಲ್ಲುಗಳನ್ನು ಒಂದೊಂದಾಗಿ ಆರಿಸಿ ಇವನೇ ಇಟ್ಟ, ಇಲ್ಲಿಗೆ ಯಾರೂ ಬರಲ್ಲ ಬೆನಿ, ಇದು ನಮ್ಮ ಇದಾಯ್ರಾಳ್ದು ಎಂದು ಹೇಳಿ ಮೊಣಕಾಲ ಮೇಲೆ ಹಣೆಯಿಟ್ಟು ಅತ್ತ. ಆಮೇಲೆ ಇನ್ನೊಂದು ಮಗುವಾಗಲಿಲ್ಲ. ಪ್ರತಿ ಆಗಸ್ಟಿನಲ್ಲಿ ಹೋಗುತ್ತಿದ್ದೆವು, ಕಳೆದೆರಡು ಆಗಸ್ಟು ಬಿಟ್ಟು, ಸಮುದ್ರ ಸರಿ ಇಲ್ಲ ಕಣೇ, ಆ ಸಂದೀಲಿ ನುಗ್ಗೋಕಾಗಲ್ಲ, ಮುಂದಿನ ವರ್ಷ ನೋಡೋಣ ಎಂದ, ಎರಡು ಸಲವೂ ನಾನು ಪೆದ್ದಿ ಕಿಟಕಿಯಿಂದ ಅಲೆ ನೋಡಿ ಹೌದು, ಇವನ ವಯಸ್ಸಿಗೆ ಅದು ಕಷ್ಟ ಎಂದುಕೊಂಡೆ, ಬೇಯಿಸಿದ ಮೀನಿನ ಮೇಲೆ ಇವನಿಗೆ ಇನ್ನೊಂದು ಚಮಚ ಖಾರದ ಗೊಜ್ಜು ಹಾಕಿದೆ.

ಮೀನು ಹಿಡಿಯುವುದನ್ನು ಬಿಟ್ಟು ಪ್ರವಾಸಿಗಳನ್ನು ತಿರುಗಿಸಲು ಶುರುಮಾಡಿದಾಗ ಬೇಸರವಾಗಿರಲಿಲ್ಲ ನನಗೆ, ಮೀನು ಉಳಿದಿರಲಿಲ್ಲ, ಏನು ಮಾಡುತ್ತಾನೆ, ಆಮೇಲೆ ದೊಡ್ಡ ದೊಡ್ಡ ಹಾಯಿದೋಣಿಗಳು ಬಂದವು, ಸಂಗೀತ, ಜಾರುಬಂಡೆ, ಬಂಗಾರದ ಮರಳಿನ ದಂಡೆಗಳೆಲ್ಲ ಅವರದಾದವು, ಯಾರ ಹತ್ತಿರವೂ ಇಲ್ಲದ್ದು ಒಂದು ನನ್ ಹತ್ರ ಇರ್ಬೇಕು ಬೆನಿ, ಇಲ್ದಿದ್ರೆ ಈ ತಗಡು ದೋಣಿಗೆ ಯಾರು ಬರ್ತಾರೆ ಎಂದಿದ್ದ ಒಂದು ದಿನ ಕಾಫಿ ಕಲಕುತ್ತ, ನಾನು ಒಲೆಯ ಕಡೆ ತಿರುಗಿಕೊಂಡೇ ಹೌದಲ್ಲ ಎಂದಿದ್ದೆ. ಹಸಿರು ಹರಳಿನ ದಂಡೆ, ಕೊನೆಯ ಚೀಲ ಇದು, ಒಂದೊಂದು ಹರಳನ್ನೂ ಜನ ಉಂಗುರಕ್ಕೆಂದು ಹೆಕ್ಕಿಕೊಂಡು ಹೋಗುತ್ತಾರೆ, ಚೆಲ್ಲಿ ಮುಗಿಯಿತು, ಕೈ ತೊಳೆದುಕೊಂಡೆ, ಇವನ ಕಣ್ಣು ನನ್ನ ಕೈಚೀಲದ ಮೇಲೆ. ಅದೇನೇ ಇನ್ನೊಂದು ಉಳಿಸ್ಕೊಂಡಿದೀಯ ಎಂದ. ಇದು ಯಾವ ದಂಡೇದು ಅಂತ ಗೊತ್ತಾಗ್ಲಿಲ್ಲ, ನೀನೇ ನೋಡಿ ಹೇಳು ಎಂದು ಜಾಡಿ ಕೊಟ್ಟೆ. ನನಗೆ ಗೊತ್ತಾಗಲಿಲ್ಲವಂತೆ, ನನಗೆ, ಆ ಮಾತಿಗೇ ಇವನು ಬೆಚ್ಚಬೇಕಿತ್ತು. ಮುಚ್ಚಳ ತೆಗೆದು ಅಂಗೈಗೆ ಸುರಿದುಕೊಂಡ, ಹೆಬ್ಬೆರಳಿಂದ ಉಜ್ಜಿದ, ಹೆಬ್ಬೆರಳು ಒಂದು ಕ್ಷಣ ನಿಂತಿತು, ನಾನು ಮುಖ ನೋಡಲಿಲ್ಲ, ಆ ಹೆಬ್ಬೆರಳನ್ನೇ ನೋಡುತ್ತಿದ್ದೆ, ಹೇಳು ಮಾರ್ಸಿಯಾಲ್, ಈಗಲಾದರೂ ಹೇಳು, ತಪ್ಪಾಯ್ತು ಎಂದು ಕೂಡ ಬೇಡ, ಸುಮ್ಮನೆ ಅವಳ ಹೆಸರು ಹೇಳು — ಹೆಬ್ಬೆರಳು ಮತ್ತೆ ಉಜ್ಜಿತು. ಪಶ್ಚಿಮದ ಉಪ್ಪಿನಗದ್ದೆ ಹತ್ರದ್ದು ಅನ್ಸುತ್ತೆ, ಅಷ್ಟು ದೂರ ಒಂದು ಜಾಡಿಗೋಸ್ಕರ ಯಾರು ಹೋಗ್ತಾರೆ, ಇಲ್ಲೇ ಚೆಲ್ಬಿಡು, ಮರಳು ಮರಳೇ ತಾನೆ ಎಂದ. ಅಪ್ಪನ ಕೊಬ್ಬಿನ ತುಂಡು ಮೂಸಿದವನು. ಜಾಡಿ ಕಿತ್ತುಕೊಂಡು ಮುಚ್ಚಳ ಬಿಗಿದೆ.

ಬಂದರು, ಹನ್ನೆರಡು ಗಂಟೆಯ ಸುತ್ತಿಗೆ ಜನ ಆಗಲೇ ಬಂದು ನಿಂತಿದ್ದಾರೆ, ಎರಡು ವರ್ಷವಾಯಿತು ನಾನು ಈ ಕಡೆ ಬಂದು, ದೋಣಿಯ ಪಕ್ಕದಲ್ಲಿ ಹೊಸ ಹಲಗೆ, ನಾಲ್ಕು ಭಾಷೆಯಲ್ಲಿ ಸೀಮೆಸುಣ್ಣದ ಅಕ್ಷರ, ಮೊದಲನೆಯದು ನಮ್ಮದು, ಇದಾಯ್ರಾಳ ದಂಡೆ, ಪಕ್ಕದಲ್ಲಿ ನಗುವ ಸೂರ್ಯ. ಯಾವ ಕಚೇರಿಯವರೂ ಬರೆಯದ ಹೆಸರು. ಇವನು ನಾನು ಓದುವುದನ್ನು ನೋಡಿದ, ಗಾಡಿಯ ಬೀಗ ಹಾಕುತ್ತ ನಿಧಾನ ಮಾಡಿದ, ಆಮೇಲೆ ಹತ್ತಿರ ಬಂದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮೆಲ್ಲಗೆ ಹೇಳಿದ, ಎಲ್ಲೂ ಬರ್ದಿಲ್ಲ, ಎಲ್ಲೂ ಬರ್ದಿಲ್ಲ ಅಂತ ಅಳ್ತಿದ್ದೆಯಲ್ಲ ಬೆನಿ ನೀನು, ಈಗ ನೋಡು, ದಿನಕ್ಕೆ ಹನ್ನೆರಡು ಜನ ಅವಳ ಹೆಸರು ಹೇಳ್ತಾರೆ, ನಾನು ಕೆಟ್ಟದ್ದಕ್ಕೆ ಮಾಡಿದ್ದಲ್ಲ. ಇದನ್ನು ಇವನು ನಂಬಿದ್ದಾನೆ, ಕಣ್ಣು ನೋಡಿದರೆ ಗೊತ್ತಾಗುತ್ತದೆ, ಸುಳ್ಳು ಎಂದಾಗಿದ್ದರೆ ಕೆನ್ನೆಗೆ ಹೊಡೆದು ಮುಗಿಸಬಹುದಿತ್ತು. ಎರಡು ಆಗಸ್ಟು ಸಮುದ್ರ ಸರಿ ಇರ್ಲಿಲ್ವಲ್ಲ ಎಂದೆ. ಗಾಡಿಯ ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಆ ಕಲ್ಲಿನ ರಾಶಿ ಎಂದೆ. ಅದನ್ನ ಮುಟ್ಬೇಡಿ ಅಂತ ಹೇಳ್ತೀನಿ ಕಣೇ, ಕೇಳಲ್ಲ ಜನ, ಮತ್ತೆ ನಾನೇ ಜೋಡಿಸ್ತೀನಿ ಎಂದ. ಜಾಡಿ ಎತ್ತಿ ತೋರಿಸಿದೆ, ಇದನ್ನ ಅಲ್ಲೇ ಹಾಕ್ಬೇಕು, ನಿನ್ನ ದೋಣೀಲಿ ಒಬ್ಬಳಿಗೆ ಜಾಗ ಇದ್ಯಾ. ಅವನು ನಿಂತವರನ್ನು ಕಣ್ಣಲ್ಲೇ ಎಣಿಸಿದ, ನಿಜವಾಗಿಯೂ ಎಣಿಸಿದ, ತುಟಿ ಅಲ್ಲಾಡಿತು. ಇವತ್ತು ತುಂಬಿದೆ ಬೆನಿ, ಶನಿವಾರ ಬಾ, ಶನಿವಾರ ಖಂಡಿತ ಎಂದ.

ಹತ್ತಿಸಿಕೊಂಡ, ಒಬ್ಬೊಬ್ಬರಿಗೂ ಕೈ ಕೊಟ್ಟು, ಬಾ ಮಗಳೇ, ಹುಷಾರು ಮಗಳೇ, ಹುಲ್ಲಿನ ಟೋಪಿಯ ಹೆಂಗಸು, ಕ್ಯಾಮೆರಾದವನು, ಖಾಲಿ ಬಾಟಲಿ ಹಿಡಿದುಕೊಂಡವಳು ಒಬ್ಬಳು, ಆ ಬಾಟಲಿ ಯಾಕೆ ಖಾಲಿ ಎಂದು ನನಗೆ ಗೊತ್ತು, ಹಗ್ಗ ಬಿಚ್ಚಿದ, ಹೋದ, ನಾನು ನಿಂತೇ ಇದ್ದೇನೆ, ಗಾಳಿ ಹಲಗೆಯ ಸೀಮೆಸುಣ್ಣವನ್ನು ಒರೆಸುತ್ತಿಲ್ಲ, ಎಲ್ಲವನ್ನೂ ಒಯ್ಯುವ ಗಾಳಿ ಅದೊಂದನ್ನು ಒಯ್ಯುತ್ತಿಲ್ಲ, ಸಮುದ್ರ ಎಣ್ಣೆ ಸವರಿದ ಹಾಗಿದೆ, ಇನ್ನು ಅರ್ಧ ಗಂಟೆಗೆ ಬಂಡೆಯ ಸಂದಿ, ಆಮೇಲೆ ಕೆಂಪು ಮರಳಿನಲ್ಲಿ ಹನ್ನೆರಡು ಜನ, ಇಪ್ಪತ್ನಾಲ್ಕು ಕೈ, ಕಲ್ಲು ಎತ್ತುವ ಕೈ, ಶಂಖ ಹುಡುಕುವ ಕೈ, ಅಮ್ಮ ಹೊಲಿದಿದ್ದು ಮೂರು ಗುಂಡಿ, ಟ್ಯೂನಾ ಎಳೆದರೂ ಕಿತ್ತು ಬರುವುದಿಲ್ಲ ಎಂದಿದ್ದಳು, ಮೂರು, ಒಂದು ಇಲ್ಲಿದೆ, ನನ್ನ ಬೆರಳಿಗೆ ಚುಚ್ಚುತ್ತಿದೆ, ಇನ್ನೆರಡು ಅಲ್ಲಿ, ಕಲ್ಲಿನ ಕೆಳಗೆ, ಅಥವಾ ಕಲ್ಲಿನ ಕೆಳಗಿಲ್ಲ, ಯಾರದೋ ಸೂಟ್‌ಕೇಸಿನಲ್ಲಿ, ನನ್ನ ಯಂತ್ರದೊಳಗೆ ನನ್ನ ಕಣ್ಣ ಮುಂದೆಯೇ ಹಾದು, ನಾನು ನೋಡಿರಲಿಕ್ಕಿಲ್ಲ, ಇಷ್ಟು ಚಿಕ್ಕದು, ನಾಲ್ಕು ತೂತು, ಹಸಿರು ನೈಲಾನು, ಅಪ್ಪನ ಗಂಟು, ಇನ್ನೂ ಬಿಚ್ಚಿಲ್ಲ, ನಾಲ್ಕು ತೂತು, ಹಸಿರು ನೈಲಾನು, ಗಂಟು —