ಓಣಿಯೊಳಗಿನ ಹಿಮದ ಬೆಟ್ಟ

ಗಣಪತಿ ಹಬ್ಬ ಹತ್ತಿರ ಬಂತೆಂದರೆ ಹುಕ್ಕೇರಿಯ ಆ ಓಣಿಯ ಹುಡುಗರೆಲ್ಲ ಸುಂದ್ರವ್ವನ ಮನೆಯ ಕಟ್ಟೆಯ ಮೇಲೆ ಸಭೆ ಸೇರುತ್ತಿದ್ದರು. ಕಟ್ಟೆ ಅಗಲವಾಗಿತ್ತು. ಎಷ್ಟು ಸಲ ಚಹಾ ಕೇಳಿದರೂ ಸುಂದ್ರವ್ವ ಮುಖ ಸಿಂಡರಿಸುವವಳಲ್ಲ. ಈ ವರ್ಷ ಗಣಪತಿ ಮಂಡಳದ ಅಧ್ಯಕ್ಷ ಭೀಮೇಶ, ಬಸ್ ನಿಲ್ದಾಣದ ಹತ್ತಿರ ಮೊಬೈಲ್ ಅಂಗಡಿ ಇಟ್ಟುಕೊಂಡವನು.

“ಈ ಸಲ ಹಿಮದ ಬೆಟ್ಟ ಮಾಡೂನು. ಬೆಟ್ಟದಾಗ ಒಂದು ಗವಿ, ಗವಿಯಾಗ ಗಣಪತಿ,” ಎಂದ ಅವನು. “ಬೆಟ್ಟ ನಾವ ಕಟ್ಟೂನು. ಲೈಟಿಂಗ್ ಮಾತ್ರ ಗೋಕಾಕದ ಉಮೇಶನ ಮಂದಿಗೆ ಕೊಡೂನು. ಅವರ ಕೆಲಸಾನ ಅದು.”

“ಯಾಕೋ ಭೀಮೇಶಾ, ಹ್ವಾದ ವರ್ಷ ನೀನ ದೀಪದ ಸರ ಹಾಕಿದ್ದಿ ಅಲ್ಲ?” ಎಂದಳು ಸುಂದ್ರವ್ವ, ಚಹಾದ ಕಪ್ಪುಗಳನ್ನು ಮುಂದಿಡುತ್ತ.

“ಆಯಿ, ಅದನ್ನ ತಗೀಬ್ಯಾಡ್ರಿ.”

“ಆರತಿ ಹೊತ್ತಿಗೆ ಇಡೀ ಓಣಿ ಕತ್ತಲ. ಆ ಕತ್ತಲದಾಗ ಪ್ರಸಾದದ ಬುಟ್ಟಿ ಖಾಲಿ. ಗಣಪತೀನ ತಿಂದಾನ ಅಂತ ನಾ ಇನ್ನೂ ನಂಬೇನಿ.”

ಹುಡುಗರು ನಕ್ಕರು, ಭೀಮೇಶನೂ ನಕ್ಕ. ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದ. “ನಿಮ್ಮ ಮಾಳಗಿ ಮ್ಯಾಲ ವೈರ್ ಕಟ್ಟಬೇಕಾಕ್ಕೈತಿ. ಗ್ವಾಡಿಗೆ ಬಿದಿರ ಆನಸಬೇಕಾಕ್ಕೈತಿ. ಕೊಡ್ತೀರಲ್ಲರಿ?”

ಸುಂದ್ರವ್ವ ತಲೆಬಾಗಿಲಿನಿಂದ ಒಳಗೆ ನೋಡಿದಳು. ಅಲ್ಲಿ ಆರಾಮ ಕುರ್ಚಿಯಲ್ಲಿ ಗಂಡ ರಾಜಪ್ಪ ರೇಡಿಯೋದ ಕಿವಿ ಹಿಂಡುತ್ತ ಕೂತಿದ್ದ. ಊರವರಿಗೆಲ್ಲ ಅವನು ಮಿಲಿಟರಿ ರಾಜಪ್ಪ. ಹರೆಯದ ವರ್ಷಗಳನ್ನೆಲ್ಲ ಲಡಾಖದ ಹಿಮದಲ್ಲಿ ಕಳೆದು ಬಂದವನು. ಆಗ ಅವನು ರಜೆಗೆ ಬಂದಾಗ ಕೆನ್ನೆಯ ಚರ್ಮ ಸುಲಿದಿರುತ್ತಿತ್ತು, ತುಟಿ ಒಡೆದಿರುತ್ತಿತ್ತು. ತವರು ಮೇಲವಂಕಿಯಿಂದ ಹೊಸದಾಗಿ ಬಂದ ಸೊಸೆ ಸುಂದ್ರವ್ವ ಬೆಣ್ಣೆ ಹಚ್ಚುತ್ತ, “ಹಿಮ ಅಂದ್ರ ಹೆಂಗ ಇರತೈತ್ರಿ?” ಎಂದು ಕೇಳುತ್ತಿದ್ದಳು. ಅವನು ಹೇಳಲು ಹೊರಟು, ನಡುವೆಯೇ ಬಿಟ್ಟು, “ಹೇಳಾಕ ಬರೂದಿಲ್ಲ. ಒಮ್ಮೆ ಕರಕೊಂಡು ಹೋಗಿ ತೋರಸ್ತೇನಿ,” ಎನ್ನುತ್ತಿದ್ದ. ನಿವೃತ್ತಿಯಾದ ಮೇಲೆ ಮಕ್ಕಳ ಓದು ಬಂತು, ಹೊಲದ ಕೆಲಸ ಬಂತು, ಆಮೇಲೆ ಅವನಿಗೆ ದಮ್ಮು ಬಂತು. ಎತ್ತರದ ಜಾಗಕ್ಕೆ ಹೋಗಲೇಬಾರದು ಎಂದರು ಡಾಕ್ಟರು.

ಈಗ ಕಣ್ಣು. ಬೆಳಗಾವಿಯ ಕಣ್ಣಿನ ಆಸ್ಪತ್ರೆಯಿಂದ ಮರಳುವಾಗ ಹತ್ತರಗಿಯ ಹತ್ತಿರ ಹೈವೇದಲ್ಲಿ ಅವನು ಕೇಳಿದ್ದ: “ಈ ಲಾರಿ ದೀಪಕ್ಕೆಲ್ಲಾ ಯಾರ ಉಣ್ಣೆ ಸುತ್ಯಾರ?” ಸುಂದ್ರವ್ವ ಬಸ್ಸಿನ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದಳು. ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಉಳಿದ ದೃಷ್ಟಿಯನ್ನು ಕಣ್ಣಿಗೆ ಹಾಕುವ ಔಷಧಿ ಎಷ್ಟು ಕಾಲ ಹಿಡಿದಿಟ್ಟೀತು ಹೇಳಲಾಗದು ಎಂದಿದ್ದರು ಡಾಕ್ಟರು.

ಅಂದಿನಿಂದ ಅವಳಿಗೆ ಒಂದೇ ಆಸೆ. ಲಡಾಖವಂತೂ ಆಗದ ಮಾತು, ಅವನ ಕಣ್ಣಿಗೆ ಪೂರ್ತಿ ಕತ್ತಲಾಗುವ ಮೊದಲು, ‘ಹೌದು, ಹಿಂಗ ಇತ್ತು’ ಎಂದು ಅವನು ಹೇಳುವಂಥ ಏನನ್ನಾದರೂ ಅವನ ಪಕ್ಕದಲ್ಲಿ ನಿಂತು ನೋಡಬೇಕು. ಹೌದೋ ಅಲ್ಲವೋ ಹೇಳಬಲ್ಲವನು ಅವನೊಬ್ಬನೇ ಅಲ್ಲವೇ.

“ಮಾಳಗಿ ಕೊಡತೇನಿ, ಗ್ವಾಡೀನೂ ಕೊಡತೇನಿ,” ಎಂದಳು. “ಆದ್ರ ಒಂದು ಸಂಜಿ, ಆರತಿಗಿಂತ ಮೊದಲ, ಆ ಬೆಟ್ಟ ನೋಡಿ ಒಳಗ ಕುಂತಿರೂ ನಿಮ್ಮ ಮುತ್ಯಾ ‘ಹೌದು, ಹಿಂಗ ಇತ್ತು’ ಅನ್ನಬೇಕು.”

“ಇಷ್ಟ ಏನ್ರಿ?” ಎಂದ ಭೀಮೇಶ.

ಬಿದಿರಿನ ಹಂದರ ಎದ್ದಿತು. ಅದರ ಮೇಲೆ ಹತ್ತಿ ಹೊದಿಸಬೇಕೆಂದು ಹುಡುಗರು ಮೂಟೆ ತಂದಿದ್ದರು. ಗೋಕಾಕದಿಂದ ಟೆಂಪೋದಲ್ಲಿ ಬಂದಿಳಿದ ಉಮೇಶ ಅದನ್ನು ನೋಡಿದ್ದೇ ತಲೆ ಅಲ್ಲಾಡಿಸಿದ. “ಹತ್ತಿ ಮತ್ತ ಕರೆಂಟು ಒಂದ ಮನ್ಯಾಗ ಇರಬಾರದು. ಗೋಣಿಚೀಲ ಬಿಚ್ಚಿ ಸುಣ್ಣದಾಗ ಅದ್ದಿ ಹಾಸ್ರಿ.” ಹಾಗೇ ಮಾಡಿದರು. ಗೋಣಿ ಒಣಗಿ ಬಿರುಸಾಗಿ, ಮಡಿಕೆ ಮಡಿಕೆಯಾಗಿ, ನಿಜಕ್ಕೂ ಬೆಟ್ಟದ ಮೈಯಂತೆಯೇ ಆಯಿತು. ಹತ್ತಿ ಮೂಟೆ ಯಾರದೋ ಮನೆಯ ಗಾದಿಗೆ ಹೋಯಿತು.

ಉಮೇಶ ಹೆಚ್ಚು ಮಾತಿನವನಲ್ಲ. ರಾಜಪ್ಪ ಬಚ್ಚಲಿಗೆ ಹೋಗುವಾಗ ಗೋಡೆ ತಡವುತ್ತ ನಡೆಯುವುದನ್ನು ಅವನು ಒಮ್ಮೆ ನೋಡಿದ. ಯಾರಿಗೂ ಏನೂ ಹೇಳದೆ ಅಂಗಳದ ದಾರಿಗೆ ಅಡ್ಡ ಬಿದ್ದಿದ್ದ ವೈರನ್ನೆಲ್ಲ ಎತ್ತಿ ಸೂರಿನ ಕೆಳಗೆ ಕಟ್ಟಿಬಿಟ್ಟ. ಅರ್ಧ ದಿನದ ಕೆಲಸ ಎರಡನೇ ಸಲ ಮಾಡಿದ. ಅಂದು ಮಧ್ಯಾಹ್ನ ಸುಂದ್ರವ್ವ ಅವನ ರೊಟ್ಟಿಯ ಮೇಲೆ ಕೇಳದೆಯೇ ಬೆಣ್ಣೆ ಇಟ್ಟಳು.

ಹಬ್ಬದ ಹಿಂದಿನ ಸಂಜೆ ದೀಪ ಹಚ್ಚಿ ನೋಡಿದರು. ಶಿಖರದಿಂದ ಬುಡದವರೆಗೆ ಕೆಂಪು, ಹಸಿರು, ನೀಲಿ ದೀಪಗಳು ಓಡಾಡಿದವು, ನಿಂತವು, ಮತ್ತೆ ಓಡಿದವು. ಗವಿಯ ಸುತ್ತ ನಕ್ಷತ್ರಗಳು ಸುರಿದವು. ಮಕ್ಕಳು ಕುಣಿದರು. ಸುಂದ್ರವ್ವನಿಗೂ ಚೆಂದವೇ ಕಂಡಿತು. ಆದರೆ ಅವಳು ಬೆಟ್ಟ ನೋಡುವುದಕ್ಕಿಂತ ಹೆಚ್ಚಾಗಿ ಅಂಗಳದ ಕುರ್ಚಿಯಲ್ಲಿ ಕೂತಿದ್ದ ಗಂಡನ ಮುಖ ನೋಡುತ್ತಿದ್ದಳು.

“ಹಿಂಗ ಇತ್ತೇನ್ರಿ?”

“ಹೂಂ. ಚಲೋ ಮಾಡ್ಯಾರ ಹುಡುಗರು,” ಎಂದ ರಾಜಪ್ಪ.

ಆ ಹೂಂ ಅವಳಿಗೆ ಗೊತ್ತಿತ್ತು. ಉಪ್ಪಿಲ್ಲದ ಬ್ಯಾಳಿಗೂ ಅವನು ಅದೇ ಹೂಂ ಅನ್ನುತ್ತಿದ್ದ.

“ಭೀಮೇಶಾ, ಇದು ಅಲ್ಲ,” ಎಂದಳು.

“ಆಯಿ, ಕಲರ್ ತಗದ್ರ ಮಂದಿ ಯಾಕ ನಿಂದರತಾರ್ರಿ? ಬಾಜೂ ಓಣ್ಯಾಗ ನೀರಿನ ಕಾರಂಜಿ ಮಾಡ್ಯಾರ.”

“ಮಂದಿಗೆ ಹತ್ತು ದಿನ ತೋರಸು. ನನಗ ಒಂದು ಸಂಜಿ ಸಾಕು. ಮಾಳಗಿ ಏನ್ ಸುಮ್ಮ ಕೊಟ್ಟೇನೇನ?”

ಭೀಮೇಶ ತಲೆ ಕೆರೆದುಕೊಂಡ. ಉಮೇಶ ಮಾತ್ರ ಏಣಿಯಿಂದ ಇಳಿದು ಬಂದು ರಾಜಪ್ಪನ ಕುರ್ಚಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತ.

“ಮುತ್ಯಾ, ಒಂದು ಕೇಳತೇನ್ರಿ. ಅಲ್ಲಿ ರಾತ್ರಿ ಬೆಳಕು ಯಾವ ಬಾಜೂದಿಂದ ಬರತಿತ್ತು?”

ಇಷ್ಟು ವರ್ಷಗಳಲ್ಲಿ ಹಾಗೆ ಯಾರೂ ಕೇಳಿರಲಿಲ್ಲ. ಎಷ್ಟು ಚಳಿ, ಎಷ್ಟು ಎತ್ತರ, ವೈರಿಗಳನ್ನು ನೋಡಿದ್ದೀರಾ ಎಂದು ಕೇಳಿದವರೇ ಎಲ್ಲ. ರಾಜಪ್ಪ ರೇಡಿಯೋ ಆರಿಸಿದ. ಅದನ್ನು ತೊಡೆಯ ಮೇಲೆ ಇಟ್ಟ.

“ಕೆಳಗಿಂದ,” ಎಂದ.

“ಕೆಳಗಿಂದ?”

“ಹೂಂನಪಾ. ಮ್ಯಾಲ ಆಕಾಶ ಕರ್ರಗ. ನಮಗ ಕಡ್ಡಿ ಕೊರದು ಬೀಡಿ ಹಚ್ಚಾಕೂ ಅಪ್ಪಣಿ ಇರಲಿಲ್ಲ. ಚಂದ್ರ ಇಲ್ಲದಾಗೂ ನೆಲದಿಂದ ಬೆಳಕು ಏಳತಿತ್ತು. ಹಾಲಿನ ಮ್ಯಾಲ ಹಬೆ ಎದ್ದಂಗ. ಬಾಜೂಕ ನಿಂತಾಂವನ ಮಾರಿ ಗದ್ದದ ಕಡೆಯಿಂದ ಕಾಣತಿತ್ತು. ಮದಲನೇ ರಾತ್ರಿ ನಾ ಅಂಜಿದ್ನಿ. ಆಮ್ಯಾಲ…”

ಉಮೇಶ ಎದ್ದು ಬೆಟ್ಟವನ್ನು ಒಮ್ಮೆ ಸುತ್ತಿ ಬಂದ. “ಲಗ್ನಕ್ಕ, ಹಬ್ಬಕ್ಕ ಎಲ್ಲಾರೂ ಮ್ಯಾಲಿಂದ ಬೆಳಕು ಸುರಸು ಅಂತಾರ,” ಎಂದ ತನ್ನಷ್ಟಕ್ಕೆ. “ನಾಳೆ ಹೊತ್ತು ಮುಳಗೂತನಾ ಟೈಮ್ ಕೊಡ್ರಿ.”

ಮರುದಿನ ಗಣಪತಿ ಬಂದು ಕೂತ. ಪೂಜೆ ಮುಗಿದು ಜನ ಊಟಕ್ಕೆ ಹೋದಾಗ ಉಮೇಶ ಬೆಟ್ಟದ ಬುಡದ ಗೋಣಿ ಎತ್ತಿ ಒಳಗೆ ನುಸುಳಿದ. ಬಿಸಿಯಾಗದ ಸಣ್ಣ ಬಿಳಿ ದೀಪಗಳನ್ನು ಒಳಗೆ ನೆಲದುದ್ದಕ್ಕೂ ಮಲಗಿಸಿ, ಒಂದೊಂದಕ್ಕೂ ತೆಳು ನೀಲಿ ಕಾಗದ ಸುತ್ತಿದ. ಬೆಟ್ಟದ ಮುಂದಿನ ಅಂಗಳಕ್ಕೂ ಸುಣ್ಣದ ಗೋಣಿ ಹಾಸಿಸಿದ. ಹೊರಗೆ ಬಂದಾಗ ಅವನ ಹುಬ್ಬು, ಮೀಸೆ ಎಲ್ಲ ಬಿಳಿ.

“ಮುತ್ಯಾಗ ಹಿಮ ತೋರಸು ಅಂದ್ರ ನೀನ ಮುತ್ಯಾ ಆಗಿ ಬಂದಿ,” ಎಂದ ಭೀಮೇಶ.

ಹೊತ್ತು ಮುಳುಗಿತು. ಮೋಡ ಮುಚ್ಚಿದ್ದರಿಂದ ಕತ್ತಲೆ ಬೇಗ ಇಳಿಯಿತು. ಬೆಟ್ಟದ ಬಣ್ಣದ ದೀಪಗಳನ್ನು ಭೀಮೇಶ ಹಚ್ಚಿರಲಿಲ್ಲ. ಸುಂದ್ರವ್ವನ ಸೊಸೆ ಮೇಘಾ ಮನೆಯ ದೀಪಗಳನ್ನು ಒಂದೊಂದಾಗಿ ಆರಿಸಿದಳು. ಅದನ್ನು ಕಂಡು ಎದುರು ಮನೆಯ ಅಲ್ಲವ್ವ ತನ್ನ ಮನೆಯದನ್ನು ಆರಿಸಿದಳು, ಅವಳ ಪಕ್ಕದವರು ಆರಿಸಿದರು. ಮೂಲೆಯಲ್ಲಿ ಧನ್ಯಕುಮಾರನ ಕಿರಾಣಿ ಅಂಗಡಿ. ಹಬ್ಬದ ದಿನ, ಗಿರಾಕಿಗಳ ಹೊತ್ತು. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಅವನು ಗಿರಾಕಿಗಳಿಗೆ, “ಒಂದೀಟ ತಡೀರಿ,” ಎಂದು ಅಂಗಡಿಯ ದೀಪವನ್ನೆಲ್ಲ ಆರಿಸಿ, ತಾನೂ ಮೆಟ್ಟಿಲ ಮೇಲೆ ಬಂದು ನಿಂತ.

ಓಣಿ ಕಪ್ಪಾಯಿತು. ಯಾರದೋ ಮಗು ಅಳಲು ಬಾಯಿ ತೆರೆಯಿತು.

ಆಗ ನೆಲ ಬೆಳಗಿತು.

ಮೊದಲು ಬರಿ ಒಂದು ಮಸುಕು. ಆಮೇಲೆ ಗೋಣಿಯ ನೂಲಿನ ಸಂದು ಸಂದಿನಿಂದ ತಣ್ಣನೆಯ ಬಿಳುಪು ಮೇಲೇರಿತು. ಬೆಟ್ಟದ ಬುಡ ಹೊಳೆಯುತ್ತಿತ್ತು, ಸೊಂಟ ಮಂಕಾಗಿತ್ತು, ಶಿಖರ ಎಲ್ಲಿ ಮುಗಿದು ಆಕಾಶ ಎಲ್ಲಿ ತೊಡಗಿತು ಎಂದು ತಿಳಿಯುತ್ತಿರಲಿಲ್ಲ. ನಿನ್ನೆ ಮಾಳಿಗೆಯಷ್ಟೇ ಎತ್ತರವಿದ್ದುದು ಇಂದು ಕೊನೆಯಿಲ್ಲದ್ದಾಗಿತ್ತು. ಬಾಯಿ ತೆರೆದ ಮಗು ಹಾಗೆಯೇ ಉಳಿಯಿತು. ತನಗೆ ಗೊತ್ತಿದ್ದ ಮುಖಗಳೆಲ್ಲ, ಅಲ್ಲವ್ವ, ಭೀಮೇಶ, ಧನ್ಯಕುಮಾರ, ಗದ್ದದ ಕಡೆಯಿಂದ ಬೆಳಗಿ ಎಂದೂ ನೋಡದ ಮುಖಗಳಾಗಿದ್ದುದನ್ನು ಸುಂದ್ರವ್ವ ಕಂಡಳು.  ಇಷ್ಟೊಂದು ದೊಡ್ಡದರ ನಡುವೆ ಅವನು ಅಷ್ಟು ರಾತ್ರಿಗಳನ್ನು ನಿಂತು ಕಳೆದಿದ್ದನೇ? ಮನೆಗೆ ಬಂದು ಸುಮ್ಮನೆ ಎಮ್ಮೆಗೆ ಮೇವು ಹಾಕಿದ್ದನೇ?

ಹಿಂಗ ಇತ್ತೇನ್ರಿ ಎಂದು ಕೇಳಬೇಕೆಂದಿದ್ದಳು. ಧೈರ್ಯ ಸಾಲಲಿಲ್ಲ.

ರಾಜಪ್ಪ ಕುರ್ಚಿಯಿಂದ ಎದ್ದ. ಗೋಡೆ ತಡವಲಿಲ್ಲ. ನೆಟ್ಟಗೆ ನಿಂತು ಬೆಳಕಿನ ಕಡೆ ಮುಖ ಮಾಡಿದ. ಆಮೇಲೆ ಇಡೀ ಓಣಿ ನೋಡುತ್ತಿದ್ದಂತೆ ಹೆಂಡತಿಯ ಕೈ ಹಿಡಿದ. ಲಗ್ನದ ದಿನ ಬಿಟ್ಟರೆ ನಾಲ್ಕು ಜನರ ಮುಂದೆ ಅವನು ಅವಳ ಕೈ ಹಿಡಿದವನಲ್ಲ.

“ಸುಂದ್ರಾ, ಕಾಲ ಎತ್ತಿ ಇಡು,” ಎಂದ. “ಹುಗೀತಾವ.”

ಅವನು ಮುಂದೆ ನಡೆದ. ಮೊಣಕಾಲು ಎತ್ತರಕ್ಕೆ ಎತ್ತಿ, ನಿಧಾನ ಊರಿ, ಗಟ್ಟಿಯಾಯಿತೇ ಎಂದು ನೋಡಿ, ಮತ್ತೊಂದು ಕಾಲು ಎತ್ತಿದ. ಯಾರೂ ನಗಲಿಲ್ಲ. ಉಮೇಶ ದಾರಿ ಬಿಟ್ಟು ಪಕ್ಕಕ್ಕೆ ಸರಿದು, ಚಪ್ಪಲಿ ಕಳಚಿ ನಿಂತ.

“ಬಾಜೂಕ ಬರಬ್ಯಾಡ, ಹಿಂದ ಬಾ. ನಾ ಎಲ್ಲಿ ಇಡತೇನಿ ಅಲ್ಲೇ ಇಡು.”

ಸುಂದ್ರವ್ವ ಅವನ ಕೈ ಬಿಡದೆ, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದಳು. ಬೆಳ್ಳಗಿನ ಆ ನೆಲದ ಮೇಲೆ ಗಂಡ ಪಾದ ಎತ್ತಿದ ಜಾಗವನ್ನು ನೋಡಿ ನೋಡಿ, ಅಲ್ಲಿಯೇ ತನ್ನ ಪಾದವನ್ನು ಇಟ್ಟಳು.

“ಹಿಡದೇನ್ರಿ,” ಎಂದಳು. “ನಡೀರಿ.”