ಹತ್ತನೆಯ ವಚನ

ಗಂಜಿಯ ಬಟ್ಟಲುಗಳನ್ನು ಎತ್ತಿಟ್ಟು ಮೇಜು ಒರೆಸಿದ ಮೇಲೆ ಪಿಲ್‌ಸುನ್ ಬೈಬಲ್ಲನ್ನು, ತಮ್ಮ ಹಳೆಯ ಸತ್ಯವೇದವನ್ನು, ತಂದು ಗಂಡನ ಎದುರಿಗಿಟ್ಟಳು. ಕನ್ನಡಕ ಒರೆಸಿ ಅವನ ಮೂಗಿನ ಮೇಲೆ ಕೂರಿಸಿದಳು. ಆಮೇಲೆ ಮಗಳಿಗೆ ಫೋನು ಹಚ್ಚಿ, ಅದನ್ನು ಪುಸ್ತಕದ ಪಕ್ಕದಲ್ಲಿ ಮಲಗಿಸಿದಳು. ಬಸ್ಸಿನ ಗದ್ದಲದ ನಡುವೆ ಇನ್‌ಸಿಲ್‌ಳ ದನಿ ಬಂತು.

"ಹೂಂ ಅಮ್ಮ, ಶುರು ಮಾಡು. ನನ್ನ ಸ್ಟಾಪ್ ಬರೋದ್ರೊಳಗೆ ಮುಗಿಸು."

"ದೇವರ ವಾಕ್ಯ ನಿನ್ನ ಸ್ಟಾಪ್ ನೋಡ್ಕೊಂಡು ಓಡುತ್ತಾ? ಸುಮ್ನೆ ಕೇಳು."

ಪಿಲ್‌ಸುನ್ ಕೀರ್ತನೆಯ ಮೊದಲ ವಚನದ ಅರ್ಧ ಓದಿ ನಿಲ್ಲಿಸಿದಳು. ಗೀಬೊಂಗ್ ತಲೆಯೆತ್ತಿ, "ಕೃಪೆಗೆ ಕೊನೆಯಿಲ್ಲ," ಎಂದ. ದೋಣಿ ರಿಪೇರಿ ಕಟ್ಟೆಯಲ್ಲಿ ಎಂಜಿನ್ನುಗಳ ಸದ್ದಿನ ಮೇಲೆ ಕೂಗಿ ಕೂಗಿ ಗಟ್ಟಿಯಾದ ದನಿ. ಅದೊಂದು ಮಾತ್ರ ಮುಪ್ಪಾಗಿರಲಿಲ್ಲ. ಅವಳು ಎರಡನೆಯದನ್ನು ಓದಿದಳು. ಅವನು ಅದನ್ನೇ ಹೇಳಿದ. ಕೊನೆಯವರೆಗೂ ಹಾಗೆಯೇ. ಮುಗಿದಾಗ ಇನ್‌ಸಿಲ್, "ಸರಿ, ಓದಿದ್ರು," ಎಂದಷ್ಟೇ ಹೇಳಿ ಫೋನಿಟ್ಟಳು. ಹಾಜರಿ ಕೂಗಿ ಮುಗಿಸಿದ ಹಾಗೆ.

ಈ ಏರ್ಪಾಡು ಆದದ್ದು ಹಿಂದಿನ ಕೊಯ್ಲಿನ ಹಬ್ಬದಲ್ಲಿ. ಅವತ್ತು ಹಬ್ಬದಡಿಗೆಯ ಗಡಿಬಿಡಿಯಲ್ಲಿ ಮರೆವಿಗೆ ಬಿದ್ದಿದ್ದ ಗೀಬೊಂಗ್ ಮನೆಯೊಳಗಿನ ಚಪ್ಪಲಿಯಲ್ಲೇ ಹೊರಬಿದ್ದಿದ್ದ. ಯೊಸು ಬಂದರಿನ ಐಸ್ ಕಾರ್ಖಾನೆಯ ಗೋಡೆಗೆ ಒರಗಿ, ಒದ್ದೆ ಪ್ಯಾಂಟಿನಲ್ಲಿ ನಿಂತವನನ್ನು ಪೊಲೀಸರು ಕರೆತಂದು ಬಿಟ್ಟರು. ಗ್ವಾಂಗ್‌ಜುವಿನಿಂದ ಬಂದಿದ್ದ ಇನ್‌ಸಿಲ್ ಅಪ್ಪನಿಗೆ ಬಟ್ಟೆ ಬದಲಿಸಿ ಬಂದು, ತಾಯಿಯ ಎದುರು ಕೂತಳು. ಮಕ್ಕಳಲ್ಲಿ ಉಳಿದಿದ್ದವಳು ಅವಳೊಬ್ಬಳೇ.

"ನಮ್ಮನೆ ಹತ್ರಾನೇ ಒಂದು ಆರೈಕೆ ಮನೆ ಇದೆ ಅಮ್ಮ. ನಾನು ಹೋಗಿ ನೋಡ್ಕೊಂಡೂ ಬಂದಿದೀನಿ."

"ನೋಡ್ಕೊಳ್ಳೋಕೆ ನಾನಿಲ್ವಾ?"

"ನೀನು ನೋಡ್ಕೊಳ್ತಿರೋದು ಯಾರನ್ನ? ಅವರೊಳಗೆ ಅಪ್ಪ ಎಲ್ಲಿದ್ದಾರೆ, ತೋರಿಸು ನಂಗೆ."

"ದಿನಾ ಬೆಳಿಗ್ಗೆ ಕೂತು ವೇದ ಓದ್ತಾರೆ. ತಮ್ಮ ವಚನ ತಾವೇ ಓದ್ತಾರೆ. ಇಲ್ಲದೋರು ಓದ್ತಾರೇನೆ?"

ಇನ್‌ಸಿಲ್ ಒಳಕೋಣೆಯ ಕಡೆ ನೋಡಿದಳು. "ಸರಿ. ಓದೋವರೆಗೂ ಇಲ್ಲೇ ಇರ್ಲಿ. ದಿನಾ ಫೋನಲ್ಲಿ ನಂಗೂ ಕೇಳಿಸ್ಬೇಕು. ನಿಂತ ದಿನ ನಾನು ಹೇಳ್ದಂಗೆ ನೀನು ಕೇಳ್ಬೇಕು."

ಪಿಲ್‌ಸುನ್ ಒಪ್ಪಿದ್ದಳು. ನಿಲ್ಲುವುದೆಂದರೇನು ಎಂಬುದು ಆಗ ಅವಳ ಊಹೆಗೂ ಬಂದಿರಲಿಲ್ಲ.

ಮದುವೆಯ ದಿನ ಸಭೆಯವರು ಕೊಟ್ಟದ್ದು ಇಬ್ಬರಿಗೂ ಸೇರಿ ಒಂದೇ ಪುಸ್ತಕ. ಹಾಗಾಗಿ ಹಂಚಿಕೊಂಡು ಓದಿದರು. ಬೆಸ ವಚನ ಅವನದು, ಸಮ ವಚನ ಅವಳದು. ಒಂದೇ ಮಾತು ಮರಳಿ ಮರಳಿ ಬರುವ ಕೀರ್ತನೆಯಲ್ಲಿ ಮಾತ್ರ ಪ್ರತಿ ವಚನದ ಮೊದಲರ್ಧ ಅವಳದು, ಉಳಿದರ್ಧ ಅವನದು. ಮೊದಲ ಭಾಗವಾದ ಆದಿಕಾಂಡದಿಂದ ಹೊರಟು ಕೊನೆಯ ಪ್ರಕಟನೆ ಮುಟ್ಟಿದ ದಿನವೇ ಮತ್ತೆ ಆದಿಕಾಂಡ ತೆಗೆಯುತ್ತಿದ್ದರು. ಅತ್ತೆಯನ್ನು ಮಣ್ಣು ಮಾಡಿ ಬಂದ ದಿನವೂ ಓದಿದ್ದರು. ಅವಳ ಗರ್ಭಕೋಶ ತೆಗೆದ ದಿನ ಅವನೇ ಆಸ್ಪತ್ರೆಯ ಮಂಚದ ಪಕ್ಕ ಕೂತು ಎರಡೂ ಪಾಲು ಓದಿದ್ದ. ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ, ಬೇರೆ ಮಾತಿಲ್ಲದೆ, ವಚನಕ್ಕೆ ವಚನ ಸೇರಿಸಿ ಎದ್ದು ಹೋಗುತ್ತಿದ್ದರು.

ಗೀಬೊಂಗ್ ಚರ್ಚಿನ ಹಿರಿಯ. ಹೆಂಗಸರ ಕೂಟಕ್ಕೆ ಅವಳೇ ಮುಂದಾಳು. ಓದುವುದು ತಪ್ಪಿತು ಎಂದು ಯಾರಾದರೂ ತಲೆ ತುರಿಸಿಕೊಂಡರೆ, "ನಿನ್ನೆ ಉಂಡಿದೀವಿ ಅಂತ ಇವತ್ತು ಒಲೆ ಹಚ್ಚದೆ ಇರ್ತೀರಾ?" ಎಂದು ಕೇಳುತ್ತಿದ್ದಳು. "ದಿನಾ ಓದಿ. ಒಂದು ದಿನ ಎಲ್ಲಾ ಹೋಗುತ್ತೆ, ಓದಿದ್ದು ಮಾತ್ರ ಉಳಿಯುತ್ತೆ." ತಾನು ಹೇಳಿದ್ದು ಇಷ್ಟು ಅಕ್ಷರಶಃ ನಿಜವಾಗುತ್ತದೆ ಎಂದು ಆಗ ತಿಳಿದಿದ್ದರೆ ಅವಳು ಆ ಮಾತನ್ನು ಆಡುತ್ತಿರಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಅವರು ಸತ್ಯವೇದದ ಅರಣ್ಯಕಾಂಡದಲ್ಲಿದ್ದರು. ಕುಲಗಳ ಹೆಸರು, ತಂದೆಯರ ಹೆಸರು, ಮಕ್ಕಳ ಹೆಸರು. ಅಲ್ಲಿ ಗೀಬೊಂಗ್ ದಾರಿ ತಪ್ಪಿದ. ವಚನದ ಅಂಕಿಯನ್ನು ಮಾತ್ರ ಓದಿ ನಿಲ್ಲುತ್ತಿದ್ದ. ಕೆಲವೊಮ್ಮೆ ಅವಳು ಓದಿದ್ದನ್ನೇ ಮತ್ತೆ ಹೇಳುತ್ತಿದ್ದ. ಒಂದು ಬೆಳಿಗ್ಗೆ ಬೆರಳನ್ನು ಸಾಲಿನ ಮೇಲಿಟ್ಟು, ಬಾಯಿ ತೆರೆದು, ಏನೂ ಬಾರದೆ ಅವಳನ್ನೇ ನೋಡಿದ. ಫೋನು ಪಕ್ಕದಲ್ಲೇ ಇತ್ತು. ಪಿಲ್‌ಸುನ್ ಕೆಮ್ಮಿ, "ಇವತ್ತು ಕೀರ್ತನೆ ಓದೋಣ ರೀ," ಎಂದು ಸರಸರ ಹಾಳೆ ತಿರುವಿದಳು. ಪ್ರತಿ ವಚನದ ಕೊನೆಗೂ ಒಂದೇ ಮಾತಿರುವ ಆ ಕೀರ್ತನೆ. ಅವಳು ಮೊದಲರ್ಧ ಹೇಳಿದಳು. ಉಳಿದರ್ಧ ಅವನ ಬಾಯಿಗೆ ತಾನಾಗಿ ಬಂತು.

ಮರುದಿನವೂ ಅದನ್ನೇ ತೆಗೆದಳು. ಆಮೇಲೆ ಬೇರೆ ಏನನ್ನೂ ತೆಗೆಯಲಿಲ್ಲ. ಅರಣ್ಯಕಾಂಡದಲ್ಲಿಟ್ಟ ಗುರುತಿನ ದಾರ ಅಲ್ಲೇ ಉಳಿಯಿತು. ಚರ್ಚು ಬಿಟ್ಟು ಎಷ್ಟೋ ಕಾಲವಾದ ಇನ್‌ಸಿಲ್‌ಗೆ ಎಲ್ಲ ಕೀರ್ತನೆಗಳೂ ಒಂದೇ. ಅವಳು ಕೇಳುತ್ತಿದ್ದದ್ದು ಅಪ್ಪನ ದನಿ ಬಂತೋ ಇಲ್ಲವೋ ಎಂಬುದನ್ನು ಮಾತ್ರ.

ಆ ಮಾತು ನಿಧಾನಕ್ಕೆ ಪುಸ್ತಕದಿಂದ ಹೊರಗೆ ಬಂತು. ಹಸಿವಾ ಎಂದರೆ ಕೃಪೆಗೆ ಕೊನೆಯಿಲ್ಲ. ಚಳಿಯಾ ಎಂದರೂ ಅದೇ. ಹಾಸಿಗೆ ಹೊಲಸಾದ ಬೆಳಿಗ್ಗೆಗಳಲ್ಲಿ ಅವಳು ಉಸಿರು ಬಿಗಿಹಿಡಿದು ಅವನ ತೊಡೆ ಒರೆಸುತ್ತಿರುವಾಗ, ತಲೆಯ ಮೇಲಿನಿಂದ ಅದೇ ಗಟ್ಟಿ ದನಿ. ಸಾಕು, ಬಾಯ್ಮುಚ್ಚಿ ಎಂದು ಒಮ್ಮೆ ಕಿರುಚಿದ್ದಳು. ಅದಕ್ಕೂ ಅವನು ಅದನ್ನೇ ಹೇಳಿದ್ದ.

ಆದರೂ ಅವಳು ಹಿಡಿದುಕೊಂಡಿದ್ದು ಆ ಮಾತನ್ನಲ್ಲ. ಅವಳು ದಿನವೂ ಕಾಯುತ್ತಿದ್ದದ್ದು ಹತ್ತನೆಯ ವಚನಕ್ಕೆ. ದೇವರು ಐಗುಪ್ತದ, ಅಂದರೆ ಈಜಿಪ್ಟಿನ, ಚೊಚ್ಚಲ ಮಕ್ಕಳನ್ನು ಸಾಯಿಸಿದ ವಚನ ಅದು. ಅವರ ಚೊಚ್ಚಲ ಮಗ ಇನ್‌ಗ್ಯು. ಎಷ್ಟೋ ವರ್ಷಗಳ ಹಿಂದೆ, ರಿಪೇರಿಯಾದ ದೋಣಿಯನ್ನು ಓಡಿಸಿ ನೋಡಲು ಹೊರಟ ಗೀಬೊಂಗ್ ಮಗನನ್ನೂ ಕೂರಿಸಿಕೊಂಡು ಹೋಗಿದ್ದ. ಬರುವಾಗ ಒಬ್ಬನೇ ಬಂದಿದ್ದ. ಆ ವರ್ಷ ಓದು ಆ ಕೀರ್ತನೆಗೆ ಬಂದಾಗ ಅವನು ಹತ್ತನೆಯ ವಚನದಲ್ಲಿ ಪುಸ್ತಕ ಮುಚ್ಚಿ ಎದ್ದು ಹೋದ. ಮುಂದಿನ ಸುತ್ತಿನಲ್ಲಿ ಮುಚ್ಚಲಿಲ್ಲ, ಸುಮ್ಮನೆ ಕೂತ. ಬಹಳ ಹೊತ್ತಾದ ಮೇಲೆ ಅವನ ಬಾಯಿಂದ ಉಳಿದ ಅರ್ಧ ಬಂತು. ಆಮೇಲಿನ ಸುತ್ತುಗಳಲ್ಲಿ ಆ ಮೌನ ಕಿರಿದಾಗುತ್ತ ಒಂದು ಉಸಿರಿನಷ್ಟಕ್ಕೆ ಬಂತು. ಇಲ್ಲವಾಗಲಿಲ್ಲ. ಗಂಡ ಹೆಂಡತಿ ಮಗನ ಬಗ್ಗೆ ಯಾವತ್ತೂ ಮಾತಾಡಲಿಲ್ಲ. ಮಾತಾಡಿದ್ದೆಲ್ಲ ಆ ಒಂದು ಉಸಿರಿನಲ್ಲಿ.

ಅವನು ಹೆಂಡತಿಯ ಹೆಸರು ಮರೆತ ಮೇಲೂ ಆ ಉಸಿರು ಅಲ್ಲಿತ್ತು. ಹತ್ತನೆಯ ವಚನ, ಒಂದು ತಡೆ, ಆಮೇಲೆ ಕೃಪೆ. ಇದ್ದಾರೆ, ಎಂದುಕೊಳ್ಳುತ್ತಿದ್ದಳು ಪಿಲ್‌ಸುನ್. ಇನ್ನೂ ಇದ್ದಾರೆ.

ವಸಂತದಲ್ಲಿ ಚರ್ಚಿನಿಂದ ಮನೆಭೇಟಿಯ ಸರದಿ ಬಂತು. ಪಾಸ್ಟರ್ ನಾಮ್‌ಗುಂಗ್ ಇನ್ನೂ ಎಳೆಯ ವಯಸ್ಸಿನವರು. ಜೊತೆಗೆ ಹೆಂಗಸರ ಕೂಟದ ಒಕ್‌ಬುನ್. ಇನ್‌ಸಿಲ್ ಕೂಡ ರಜೆ ಹಾಕಿ ಬಂದಿದ್ದಳು. ಬಂದವರಿಗೆ ಅಣಿ ಮಾಡುವ ಗಡಿಬಿಡಿಯಲ್ಲಿ ಬೆಳಗಿನ ಓದು ಆಗಿರಲಿಲ್ಲ.

ಕೆಳಗಿನಿಂದ ಕಾಯಿಸಿದ ಬಿಸಿ ನೆಲದ ಮೇಲೆ ಎಲ್ಲರೂ ಸುತ್ತಲೂ ಕೂತರು. ಪೇರ್ ಹಣ್ಣು ಹೆಚ್ಚಿದ್ದ ತಟ್ಟೆ ನಡುವೆ ಬಂತು.

"ಹಿರಿಯರೇ, ನನ್ನ ಗುರುತು ಸಿಕ್ತಾ? ಒಕ್‌ಬುನ್ ನಾನು. ನಿಮ್ಮ ಹತ್ರ ಬೈಸ್ಕೊಂಡೋರಲ್ಲಿ ನಾನೇ ಮೊದಲು," ಎಂದಳು ಒಕ್‌ಬುನ್.

"ಕೃಪೆಗೆ ಕೊನೆಯಿಲ್ಲ," ಎಂದ ಗೀಬೊಂಗ್.

"ಅಯ್ಯೋ, ಈಗ ಹೇಳ್ತಿದೀರಲ್ಲ! ಆವಾಗ ಇಷ್ಟು ಕೃಪೆ ತೋರ್ಸಿದ್ರೆ ಏನಾಗ್ತಿತ್ತು?" ಎಲ್ಲರೂ ನಕ್ಕರು. "ಅಕ್ಕ, ನಮ್ಮನೆಯವರ ತಲೆ ನೆಟ್ಟಗಿದೆ ನೋಡಿ, ಬಾಯಿಗೆ ಒಂದು ವಚನ ಬರಲ್ಲ. ಟಿವಿ ಧಾರಾವಾಹಿಯ ಅತ್ತೆ ಸೊಸೆಯರ ಹೆಸರೆಲ್ಲ ಬರುತ್ತೆ."

"ನಿನ್ನ ಹೆಸರು ಬರುತ್ತಲ್ಲ, ಸಂತೋಷಪಡು," ಎಂದಳು ಪಿಲ್‌ಸುನ್. ನಗು ಅಲ್ಲಿಗೆ ನಿಂತಿತು.

ಪಾಸ್ಟರ್ ಗಂಟಲು ಸರಿಮಾಡಿಕೊಂಡರು. "ಅಮ್ಮ, ಹಿರಿಯರು ದಿನಾ ಓದೋ ಭಾಗವನ್ನೇ ಓದೋಣ. ನಾನು ಮೊದಲರ್ಧ ಓದ್ತೀನಿ, ಅವರು ಹೇಳ್ಲಿ."

ಪಿಲ್‌ಸುನ್ ಪುಸ್ತಕ ತೆರೆದುಕೊಟ್ಟು ಕೈಕಟ್ಟಿ ಕೂತಳು. ಆಸ್ಪತ್ರೆಯ ಆ ಒಂದು ದಿನ ಬಿಟ್ಟರೆ, ಇಷ್ಟು ವರ್ಷದಲ್ಲಿ ಅವಳು ಗಂಡನ ಓದನ್ನು ಬರೀ ಕೇಳುವವಳಾಗಿ ಕೂತದ್ದು ಅದೇ ಮೊದಲು. ಪಾಸ್ಟರ್ ಚುರುಕಾಗಿ ಓದುವವರು. ಅವರು ಬಿಟ್ಟಲ್ಲಿ ಗೀಬೊಂಗ್ ಹಿಡಿದ. ದನಿ ಮನೆ ತುಂಬಿತು. ಒಕ್‌ಬುನ್ ಕಣ್ಣು ಮುಚ್ಚಿ ತೂಗಾಡತೊಡಗಿದಳು. ಇನ್‌ಸಿಲ್ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಫೋನಿನಲ್ಲಿ ಅವಳಿಗೆ ಆ ಮುಖ ಕಂಡಿರಲಿಲ್ಲ.

ಎಂಟು. ಒಂಬತ್ತು. ಪಾಸ್ಟರ್ ಹತ್ತನೆಯದನ್ನು ಓದಿದರು.

"ಕೃಪೆಗೆ ಕೊನೆಯಿಲ್ಲ," ಎಂದ ಗೀಬೊಂಗ್.

ತಡೆಯಿರಲಿಲ್ಲ. ಪಾಸ್ಟರ್ ಕೊನೆಯ ಪದವನ್ನು ಬಿಡುವ ಮೊದಲೇ, ಅದರ ಮೇಲೇ ಕಾಲಿಟ್ಟ ಹಾಗೆ ಹೇಳಿಬಿಟ್ಟಿದ್ದ. ಹನ್ನೊಂದಕ್ಕೂ ಹಾಗೆಯೇ, ಹನ್ನೆರಡಕ್ಕೂ ಹಾಗೆಯೇ.

ಇವತ್ತೊಂದು ದಿನ ಎಂದುಕೊಳ್ಳಲು ಪಿಲ್‌ಸುನ್ ನೋಡಿದಳು. ಜನರ ಮಧ್ಯೆ, ಬೇರೆಯವರ ವೇಗಕ್ಕೆ ಬಿದ್ದು. ಆಮೇಲೆ ಅವಳಿಗೆ ತನ್ನದೇ ದನಿ ನೆನಪಾಯಿತು. ದಿನಾ ಬೆಳಿಗ್ಗೆ ಹತ್ತನೆಯ ವಚನಕ್ಕೆ ಬಂದಾಗ ತನ್ನ ನಾಲಗೆ ಹೇಗೆ ತಡವರಿಸುತ್ತಿತ್ತು, ಕೊನೆಯ ಪದವನ್ನು ಬಾಯಲ್ಲೇ ಹಿಡಿದು ಹೇಗೆ ಮೆಲ್ಲಗೆ ಬಿಡುತ್ತಿದ್ದಳು. ತಡೆಯುತ್ತಿದ್ದವಳು ತಾನು. ಅವಳು ಹೇಳಿಕೊಟ್ಟ ಹಾಗೆ ಅವನು ಹಿಂದೆ ಬರುತ್ತಿದ್ದ, ಅಷ್ಟೆ. ಎಂದಿನಿಂದ? ಈ ಚಳಿಗಾಲದಿಂದಲೋ, ಅದಕ್ಕೂ ಹಿಂದಿನಿಂದಲೋ? ಅವನು ಎದ್ದು ಹೋದ ಜಾಗದಲ್ಲಿ ತಾನು ಎಷ್ಟು ಕಾಲದಿಂದ ಒಬ್ಬಳೇ ಮಗನಿಗಾಗಿ ಸುಮ್ಮನಾಗುತ್ತಿದ್ದಳು? ಅದನ್ನು ಕೇಳಿ ತಿಳಿಯಲು ಯಾರೂ ಇರಲಿಲ್ಲ.

"ಆಮೆನ್," ಎಂದರು ಪಾಸ್ಟರ್. ಅವರ ಕಣ್ಣು ಒದ್ದೆಯಾಗಿತ್ತು. "ನಿತ್ಯ ಓದಿದ್ದಕ್ಕೆ ಸಿಗೋ ಫಲ ಅಂದ್ರೆ ಇದೇ. ಭಾನುವಾರ ಸಭೆಯಲ್ಲಿ ನಾನು ಇದನ್ನ ಹೇಳ್ಲೇಬೇಕು ಅಮ್ಮ. ಹೇಳ್ಬಹುದಾ?"

"ಹೇಳಿ ಅಯ್ಯನವರೇ," ಎಂದಳು ಪಿಲ್‌ಸುನ್.

ಅವರು ಹೊರಟ ಮೇಲೆ ಅವಳು ಲೋಟಗಳನ್ನು ತೊಳೆಯಲು ನಿಂತಳು. ಇನ್‌ಸಿಲ್ ಬಂದು ಹಿಂದಿನಿಂದ ಅವಳ ಬೆನ್ನಿಗೆ ಹಣೆಯಿಟ್ಟಳು. ಸಣ್ಣವಳಿದ್ದಾಗಲೂ ಹೀಗೆ ಮಾಡಿದವಳಲ್ಲ.

"ಅಮ್ಮ, ನಾನು ದುಡುಕಿದೆ. ಅಪ್ಪ ಇದ್ದಾರೆ. ಆ ಮುಖ ನೋಡಿದ್ಯಾ? ಇನ್ಮೇಲೆ ಆ ಆರೈಕೆ ಮನೆ ವಿಷಯ ನಾನು ಎತ್ತಲ್ಲ. ಶನಿವಾರ ಶನಿವಾರ ಬರ್ತೀನಿ. ನಿಂಗೆ ಒಂದಿಷ್ಟು ಬಿಡುವಾದ್ರೂ ಸಿಗುತ್ತೆ."

ಪಿಲ್‌ಸುನ್ ನಲ್ಲಿ ನಿಲ್ಲಿಸಿದಳು. ಇಷ್ಟು ತಿಂಗಳು ಅವಳು ಸುಳ್ಳಾಡಿ, ಮುಚ್ಚಿಟ್ಟು, ಕಾದಿದ್ದು ಈ ಮಾತಿಗಾಗಿ.

"ಕರ್ಕೊಂಡು ಹೋಗು," ಎಂದಳು.

"ಏನು?"

"ಅಪ್ಪನ್ನ. ಈ ವಾರವೇ ಆದ್ರೆ ಈ ವಾರವೇ."

ಇನ್‌ಸಿಲ್ ಅವಳ ತೋಳು ಹಿಡಿದು ತಿರುಗಿಸಿದಳು. "ಈಗ ತಾನೇ ಓದಿದ್ರಲ್ಲಮ್ಮ! ಓದೋವರೆಗೂ ಇಲ್ಲೇ ಅಂತ ನೀನೇ ಒಪ್ಪಿದ್ದೆ."

ಹೇಳಬೇಕೆಂದರೆ ಎಲ್ಲಿಂದ ಹೇಳಬೇಕು? ಇನ್‌ಗ್ಯು ಹೋದಾಗ ಇವಳು ಬೆನ್ನಿಗೆ ಕಟ್ಟಿಕೊಳ್ಳುವ ಕೂಸು. ಆ ಒಂದು ಉಸಿರಿನ ತಡೆ ಈ ಮನೆಯಲ್ಲಿ ಇತ್ತು ಎಂಬುದೇ ಇವಳಿಗೆ ಗೊತ್ತಿಲ್ಲ. ಇದ್ದದ್ದು ಗೊತ್ತಿಲ್ಲದವಳಿಗೆ ಇಲ್ಲವಾದದ್ದನ್ನು ತೋರಿಸುವುದು ಹೇಗೆ?

"ಹೇಳಮ್ಮ. ಯಾಕೆ ಈಗ?" ಪಿಲ್‌ಸುನ್ ಲೋಟವೊಂದನ್ನು ಬೋರಲಿಟ್ಟಳು. ಇನ್‌ಸಿಲ್‌ಳ ಮುಖ ಗಟ್ಟಿಯಾಯಿತು. "ನಿಂಗೆ ಸಾಕಾಗಿದೆ. ಅಷ್ಟೇ ತಾನೆ? ಪಾಸ್ಟರ್ ಎದುರು ಚೆನ್ನಾಗಿ ಕಂಡಾಯ್ತು, ಇನ್ನು ಸಾಕು. ಅದನ್ನ ಬಾಯಿಬಿಟ್ಟು ಹೇಳಿದ್ರೆ ನಾನೇನು ಬೇಡ ಅಂತಿದ್ನಾ?"

"ಹೂಂ," ಎಂದಳು ಪಿಲ್‌ಸುನ್. "ಸಾಕಾಗಿದೆ."

ಆ ವಾರದ ಕೊನೆಗೆ ಇನ್‌ಸಿಲ್ ಕಾರು ತಂದಳು. ತಾಯಿಯ ಜೊತೆ ಬೇಕಾದಷ್ಟೇ ಮಾತಾಡಿದಳು. ಒಳ ಅಂಗಿಗಳು, ಮಾತ್ರೆಗಳು, ಉಣ್ಣೆಯ ಟೋಪಿ ಚೀಲಕ್ಕೆ ಹೋದವು. ಇನ್‌ಸಿಲ್ ಸತ್ಯವೇದವನ್ನು ಕೈಗೆತ್ತಿಕೊಂಡಾಗ ಪಿಲ್‌ಸುನ್, "ಅದು ಬೇಡ," ಎಂದಳು.

"ಅದಾದ್ರೂ ಅವರ ಹತ್ರ ಇರ್ಲಿ ಬಿಡಮ್ಮ. ದಿನಾ ಓದೋರು."

"ಅವರಿಗೆ ಅದು ಬೇಕಾಗಲ್ಲ."

ಇನ್‌ಸಿಲ್ ಅವಳನ್ನು ದಿಟ್ಟಿಸಿದಳು. ಆಮೇಲೆ ಪುಸ್ತಕವನ್ನು ಮೇಜಿನ ಮೇಲಿಟ್ಟು, ನೆಲದ ಮೇಲೆ ಕೂತಿದ್ದ ತಂದೆಯ ಎದುರು ಮೊಣಕಾಲೂರಿದಳು. ಅವನ ಕೋಟಿನ ಗುಂಡಿ ಹಾಕಿದಳು.

"ಅಪ್ಪ, ನನ್ನ ಜೊತೆ ಬರ್ತೀರಾ? ನಾನು ದಿನಾ ಬಂದು ನೋಡ್ತೀನಿ. ಅಮ್ಮನ ಮೇಲೆ ಕೋಪ ಮಾಡ್ಕೋಬೇಡಿ."

"ಕೃಪೆಗೆ ಕೊನೆಯಿಲ್ಲ," ಎಂದ ಗೀಬೊಂಗ್.

ಇನ್‌ಸಿಲ್ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಹೋದಳು. ಕಾರಿನ ಬಾಗಿಲು ತೆರೆದ ಸದ್ದಾಯಿತು. ಗೀಬೊಂಗ್ ತನ್ನ ಅರ್ಧ ಮುಗಿಸಿ, ಮುಂದಿನ ವಚನಕ್ಕಾಗಿ ಹೆಂಡತಿಯ ಕಡೆ ಮುಖ ತಿರುಗಿಸಿದ. ಪಿಲ್‌ಸುನ್ ಅವನ ಕಾಲುಚೀಲಗಳನ್ನು ಜೋಡಿ ಮಾಡಿ ಮಡಚುತ್ತಿದ್ದಳು. ಅವಳು ಏನನ್ನೂ ಓದಲಿಲ್ಲ. ಅವನು ನೋಡುತ್ತಲೇ ಇದ್ದ.