ತಂಗಿಯ ಮಗಳು

ಕೈ ತೊಳೆಯಲೆಂದು ಹಿತ್ತಲಿಗೆ ಬಂದ ಗಂಗುಬಾಯಿ ಕೊಟ್ಟಿಗೆಯ ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ ಒಂದು ಮಗು ಕುಕ್ಕರಗಾಲಲ್ಲಿ ಕೂತು, ಎಮ್ಮೆಗೆಂದು ನೆನೆಯಿಟ್ಟ ಹಿಂಡಿಯನ್ನು ಬೊಗಸೆಯಲ್ಲಿ ಬಾಚಿ ತಿನ್ನುತ್ತಿತ್ತು. ಎಣ್ಣೆ ಕಾಣದ ಕೂದಲು ಜಡೆಗಟ್ಟಿತ್ತು.

ಯಾವುದೋ ಆಳಿನ ಮಗು ಇರಬೇಕು ಅಂದುಕೊಂಡಳು. "ಯಾರ ಮಗಳವಾ ನೀ?"

ಮಗು ಕಸಿದುಕೊಂಡಾರೆಂಬಂತೆ ಇನ್ನಷ್ಟು ಬೇಗ ಬೇಗ ನುಂಗತೊಡಗಿತು.

ಆಗ ಅದರ ಅಂಗಿ ಕಣ್ಣಿಗೆ ಬಿತ್ತು. ಮಾಸಿದ ಅಂಗಿ, ಕೊರಳಿನ ಹತ್ತಿರ ಹಸಿರು ದಾರದ ಗಿಳಿ. ಆ ಕಸೂತಿ ಹಾಕಿದವಳು ಗಂಗುಬಾಯಿಯೇ. ತಂಗಿ ತೀರಿಕೊಂಡ ವರ್ಷ, ಅವಳ ಮಗಳು ಕಲ್ಯಾಣಿಗೆ ಮೂರು ತುಂಬಿದಾಗ, ಸೋಲಾಪುರದ ತಮ್ಮ ಅಂಗಡಿಯ ಬಟ್ಟೆಯಲ್ಲಿ ಹೊಲಿದು ಕಳಿಸಿದ್ದಳು; ಆಮೇಲೆ ಮಗುವನ್ನು ಕಂಡಿರಲಿಲ್ಲ. ಕಲ್ಯಾಣಿಗೆ ಈಗ ಆರು. ಅಂಗಿ ಇನ್ನೂ ಸರಿಯಾಗಿ ಬರುತ್ತಿತ್ತು.

ತಂಗಿಯ ಗಂಡ ಸಿದ್ದಣ್ಣ ಪೇಟೆಗೆ ಬಂದಾಗಲೆಲ್ಲ "ಆರಾಮ ಅದಾಳ್ರಿ" ಅನ್ನುತ್ತಿದ್ದ. ಇವತ್ತು ತಾನು ಬಂದೊಡನೆ ಕೇಳಿದ್ದಕ್ಕೂ ಮನೆಯವರು "ಆಡಾಕ ಹೋಗ್ಯಾಳ" ಅಂದಿದ್ದರು. ತಡವಳದ ಈ ದೊಡ್ಡ ಮನೆಯಲ್ಲಿ ಇಂದು ಅವನ ಎರಡನೆಯ ಹೆಂಡತಿಯ ಮಗನನ್ನು ತೊಟ್ಟಿಲಿಗೆ ಹಾಕುವವರಿದ್ದರು.

ಮಗುವನ್ನು ಎತ್ತಿದಳು. ಭಾರವೇ ಇರಲಿಲ್ಲ.

ಪಡಸಾಲೆಯಲ್ಲಿ ಬೀಗರ ಪಂಕ್ತಿ ಕೂತಿತ್ತು. ಸಿದ್ದಣ್ಣ ಹೋಳಿಗೆಗೆ ತುಪ್ಪ ಬಡಿಸುತ್ತಿದ್ದ.

"ಸಿದ್ದಣ್ಣಾರ, ಈ ಕೂಸು ಯಾರದರಿ?"

"ಅಕ್ಕಾರ, ಅದಕ ಮೈ ಹತ್ತೂದಿಲ್ರಿ. ಏನ್ ತಿಂದ್ರೂ ಅಷ್ಟ."

"ಏನ್ ತಿಂತಾಳಂತ ಒಮ್ಮೆರ ನೋಡೀರೇನು? ಎಮ್ಮಿ ಹಿಂಡಿ ತಿನ್ನಾಕತ್ತಿದ್ಳು."

ಉಣ್ಣುತ್ತಿದ್ದ ಕೈಗಳು ನಿಂತವು. ಸಿದ್ದಣ್ಣನ ತಾಯಿ ಅಕ್ಕನಾಗಮ್ಮ ಸರಸರನೆ ಬಂದು ಅವಳ ತೋಳು ಹಿಡಿದಳು. "ಮಂದಿ ಮುಂದ ಯಾಕವಾ? ಒಳಗ ಬಾ, ಮಾತಾಡೂಣು."

"ಒಳಗ ಒಳಗ ಇಟ್ಟಿದ್ದಕ್ಕ ಹಿಂಗಾಗೇತ್ರಿ." ಗಂಗುಬಾಯಿ ತೋಳು ಬಿಡಿಸಿಕೊಂಡಳು. "ನಾ ಇಕೀನ ಕರ್ಕೊಂಡು ಹೊಂಟೀನಿ. ಬ್ಯಾಡ ಅನ್ನಾವ್ರು ಇಲ್ಲೇ, ಎಲ್ಲಾರ ಮುಂದ ಅನ್ರಿ."

ಅಕ್ಕನಾಗಮ್ಮ ದಾರಿ ಬಿಟ್ಟು ಸರಿದಳು. ಸಿದ್ದಣ್ಣ ತುಪ್ಪದ ಗಿಂಡಿ ಹಿಡಿದು ಹಾಗೆಯೇ ನಿಂತಿದ್ದ.

ಅಕ್ಕಲಕೋಟದ ಬಸ್ಸಿನಲ್ಲಿ ಕಂಡಕ್ಟರ್ ಅವಳ ತೊಡೆಯ ಮೇಲಿದ್ದ ಮಗುವನ್ನು ನೋಡಿ, "ಸಣ್ಣದೈತಿ, ಅದಕ ಟಿಕೀಟ್ ನಕೋ, ಬ್ಯಾಡ್ರಿ ಬಾಯಿ," ಎಂದ.

"ಆರು ವರ್ಷದಾಕಿರಿ. ಅರ್ಧಾ ಕೊಡ್ರಿ."

ಅವನು ಮತ್ತೊಮ್ಮೆ ನೋಡಿದ. ಟಿಕೀಟು ಹರಿದು, ತೂತು ಹೊಡೆದು, ಮಗುವಿನ ಕೈಗೇ ಕೊಟ್ಟು ಮುಂದಿನ ಸೀಟಿಗೆ ಹೋದ.

ಕಲ್ಯಾಣಿ ಆ ಚೀಟಿಯನ್ನು ತಿರುಗಿಸಿ ನೋಡಿ, ಮೆಲ್ಲಗೆ ಬಾಯಿಗೆ ಇಟ್ಟುಕೊಂಡಳು.